ಊರಿಲ್ಲದ ಹಾವುಗಳು

ನನ್ನ ಆಫೀಸಿನಿಂದ ಗ್ರಾಂಟ್ ಮ್ಯೂಸಿಯಮ್ಮಿಗೆ ಹನ್ನೊಂದು ನಿಮಿಷದ ನಡಿಗೆ. ಅಲ್ಲಿ ಬಾಗಿಲು ತೆಗೆಯುವುದು ಮಧ್ಯಾಹ್ನ ಒಂದಕ್ಕೆ, ನಮ್ಮ ಊಟದ ಬಿಡುವೂ ಒಂದಕ್ಕೇ. ಹಾಗಾಗಿ ಹದಿನೈದು ದಿನಕ್ಕೊಮ್ಮೆಯಾದರೂ ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಅಸ್ಥಿಪಂಜರಗಳ ಹತ್ತಿರ ಹೋಗಿಬಿಡುತ್ತೇನೆ. ಟೀಮಿನವರಿಗೆ ‘ವಾಕಿಂಗ್’ ಅಂತ ಹೇಳಿದ್ದೇನೆ. ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಹೆಂಗಸು ಉದ್ದಕ್ಕೆ ಸೀಳಿಟ್ಟ ಪ್ರಾಣಿಗಳ ತಲೆ ಮುಂದೆ ಅರ್ಧ ಗಂಟೆ ನಿಂತು ಬರುತ್ತಾಳೆ ಅಂತ ಗೊತ್ತಾದರೆ ಮುಂದಿನ ಮೀಟಿಂಗಿನಲ್ಲಿ ನನ್ನ ಪಕ್ಕ ಯಾರು ಕೂರುತ್ತಾರೆ?

ನಾನು ಓದಿದ್ದು ಪ್ರಾಣಿಶಾಸ್ತ್ರ. ಎಂ.ಎಸ್‌ಸಿ. ಮುಗಿಸಿ ಒಂದೂವರೆ ವರ್ಷ ಕೆಲಸ ಹುಡುಕಿ, ಸಿಗದೆ, ಮೂರು ತಿಂಗಳ ಟೆಸ್ಟಿಂಗ್ ಕೋರ್ಸ್ ಮಾಡಿಕೊಂಡು ಈ ಕಡೆ ಬಂದವಳು. ಅದರ ಬಗ್ಗೆ ದೊಡ್ಡ ಕೊರಗೇನಿಲ್ಲ. ಆದರೆ ಲಂಡನ್ನಿಗೆ ಬಂದು, ಯೂಸ್ಟನ್ ಸ್ಕ್ವೇರ್ ಸ್ಟೇಷನ್ನಿನಿಂದ ಆಫೀಸಿಗೆ ಹೋಗುವ ದಾರಿಯಲ್ಲೇ ಒಂದು ಪ್ರಾಣಿಶಾಸ್ತ್ರದ ಮ್ಯೂಸಿಯಂ ಇದೆ, ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ ಎಂದು ಗೊತ್ತಾದ ದಿನ, ಬಿಟ್ಟುಬಂದ ಮನೆಯವರು ಎದುರಿಗೆ ಸಿಕ್ಕ ಹಾಗಾಯಿತು. ಮಾತಾಡಿಸದೆ ಹೋಗುವ ಹಾಗಿಲ್ಲ.

ದೊಡ್ಡ ಮ್ಯೂಸಿಯಂ ಅಲ್ಲ ಅದು. ಸೌತ್ ಕೆನ್ಸಿಂಗ್ಟನ್ನಿನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿದವರು ಇಲ್ಲಿಗೆ ಬಂದರೆ ‘ಇಷ್ಟೇನಾ’ ಅನ್ನಬಹುದು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿಗೆ ಸೇರಿದ್ದು. ಹಿಂದೆ ಮೆಡಿಕಲ್ ವಿದ್ಯಾರ್ಥಿಗಳ ಲೈಬ್ರರಿ ಆಗಿದ್ದ ಒಂದು ಎತ್ತರದ ಹಾಲ್. 2011ರಲ್ಲಿ ಸಂಗ್ರಹವನ್ನೆಲ್ಲ ಇಲ್ಲಿಗೆ ತಂದರು. ಸುತ್ತ ಮರದ ಬೀರುಗಳು, ಮೇಲೆ ಸುತ್ತು ಬಾಲ್ಕನಿ. ಆ ಬಾಲ್ಕನಿಯ ಕಟಕಟೆ ಹಿಡಿದು ವಾನರಗಳ ಅಸ್ಥಿಪಂಜರಗಳು ಕೆಳಗೆ ಇಣುಕುತ್ತಿವೆ, ಅವುಗಳ ನಡುವೆ ಮನುಷ್ಯನದೂ ಒಂದು. ಕೆಳಗೆ ನಿಂತ ನಮ್ಮನ್ನು ಅವರೆಲ್ಲ ನೋಡಲು ಬಂದಿದ್ದಾರೇನೋ ಅನಿಸುತ್ತದೆ. ಒಟ್ಟು ಸಂಗ್ರಹದಲ್ಲಿ ಸುಮಾರು 68,000 ವಸ್ತುಗಳಿವೆಯಂತೆ. ಕಣ್ಣಿಗೆ ಕಾಣುವುದು ಅದರಲ್ಲಿ ಸ್ವಲ್ಪ ಭಾಗ.

ಶುರು ಮಾಡಿದ್ದು ರಾಬರ್ಟ್ ಎಡ್ಮಂಡ್ ಗ್ರಾಂಟ್ ಅನ್ನುವ ಮೇಷ್ಟ್ರು. ಎಡಿನ್‌ಬರೊದಲ್ಲಿದ್ದಾಗ, ಡಾಕ್ಟರಿಕೆ ಓದಲು ಬಂದು ಬೇಸತ್ತಿದ್ದ ಹದಿಹರೆಯದ ಚಾರ್ಲ್ಸ್ ಡಾರ್ವಿನ್‌ನನ್ನು ಸಮುದ್ರದ ದಂಡೆಗೆ ಕರಕೊಂಡು ಹೋಗಿ ಕಡಲಜೀವಿಗಳನ್ನು ನೋಡಲು ಕಲಿಸಿದವರು. ಆಮೇಲೆ ಲಂಡನ್ನಿನ ಈ ಹೊಸ ವಿಶ್ವವಿದ್ಯಾಲಯಕ್ಕೆ ಇಂಗ್ಲೆಂಡಿನ ಮೊದಲ ಪ್ರಾಣಿಶಾಸ್ತ್ರ ಪ್ರೊಫೆಸರ್ ಆಗಿ ಬಂದರೆ, ಪಾಠ ಮಾಡಲು ಇಲ್ಲಿ ಒಂದು ಮೂಳೆ ಕೂಡ ಇರಲಿಲ್ಲ. 1828ರಿಂದ ತಾವೇ ಸೇರಿಸುತ್ತ ಹೋದರು. 1874ರಲ್ಲಿ ಸಾಯುವ ತನಕ ಅದೇ ಹುದ್ದೆಯಲ್ಲಿದ್ದರು. ಅಂದರೆ ಇದು ರಾಜರಿಗಾಗಿ, ಶ್ರೀಮಂತರಿಗಾಗಿ ಮಾಡಿದ ಪ್ರದರ್ಶನ ಅಲ್ಲ. ಕ್ಲಾಸಿಗೆ ಹೋಗುವ ಮುಂಚೆ ಮೇಷ್ಟ್ರು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದ ಸಾಮಾನು. ನನಗೆ ಈ ಜಾಗ ಹಿಡಿಸಿದ್ದಕ್ಕೆ ಇದೇ ಕಾರಣ ಇರಬೇಕು. ನಮ್ಮ ವಿಭಾಗದ ಕೋಣೆಯೂ ಅಂಥದ್ದೇ.

ಮೊದಲ ಸಲ ಹೋದಾಗ ಬಾಗಿಲಲ್ಲೇ ಮೂಗು ಅರಳಿಸಿದೆ. ಫಾರ್ಮಲಿನ್ ವಾಸನೆ ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು.

ನಮ್ಮ ವಿಭಾಗದ್ದು ಎರಡನೇ ಮಹಡಿಯ ಉದ್ದನೆಯ ಕೋಣೆ. ಬೀಗ ತೆಗೆದ ಕೂಡಲೇ ಕಣ್ಣು ಉರಿ, ಮೂಗಿನಲ್ಲಿ ನೀರು. ಎಡಕ್ಕೆ ಮೂಳೆ, ಬಲಕ್ಕೆ ಜಾಡಿ, ಕೊನೆಯಲ್ಲಿ ಹುಳು ಹಿಡಿದು ಹೊಟ್ಟೆಯ ಹೊಟ್ಟು ಹೊರಗೆ ಬಂದಿದ್ದ ಒಂದು ನವಿಲು. ಅದಕ್ಕೆಲ್ಲ ಯಜಮಾನ ಒಬ್ಬ ಅಟೆಂಡರ್. ಐವತ್ತೈದರ ಆಸುಪಾಸು. ಎದುರಿಗೆ ‘ಅಣ್ಣ’ ಅಂತಿದ್ದೆವು, ಬೆನ್ನ ಹಿಂದೆ ‘ಫಾರ್ಮಲಿನ್ ಅಜ್ಜ’. ಕ್ಯಾನಿನಲ್ಲಿ ಬರುವ ಫಾರ್ಮಲಿನ್ ಒಂದು ಪಾಲಿಗೆ ನೀರು ಒಂಬತ್ತು ಪಾಲು ಬೆರೆಸುವುದು, ಸತ್ತ ಪ್ರಾಣಿಯ ಹೊಟ್ಟೆಗೆ ಸಿರಿಂಜಿನಲ್ಲಿ ಅದನ್ನು ಬಿಡುವುದು, ಕೆಲವು ದಿನ ಬಿಟ್ಟು ತೊಳೆದು ಎಪ್ಪತ್ತು ಪರ್ಸೆಂಟ್ ಸ್ಪಿರಿಟ್ಟಿಗೆ ಹಾಕುವುದು, ಎಲ್ಲ ಅವರ ಕೈಯಲ್ಲೇ. ಗ್ಲೌಸ್ ಹಾಕುತ್ತಿರಲಿಲ್ಲ. ಬೆರಳ ತುದಿಗಳು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಡುಸಾಗಿ ಹೋಗಿದ್ದವು. 2011ರಲ್ಲಿ ಹಾಜರಿಗೆ ಹೆಬ್ಬೆಟ್ಟಿನ ಯಂತ್ರ ತಂದಾಗ ಅದು ಅವರೊಬ್ಬರನ್ನು ಒಪ್ಪಲೇ ಇಲ್ಲ. ದಿನಾ ಬೆಳಿಗ್ಗೆ ಯಂತ್ರದ ಮುಂದೆ ಹತ್ತೂ ಬೆರಳು ಇಟ್ಟು, ಕೊನೆಗೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಬರುತ್ತಿದ್ದರು.

ಫಾರ್ಮಲಿನ್ನಿನ ಈ ಗುಣ ಪತ್ತೆಯಾದದ್ದೂ ಬೆರಳಿನಿಂದಲೇ ಎಂದು ನನಗೆ ಗೊತ್ತಾದದ್ದು ಆಮೇಲೆ. ಫರ್ಡಿನಾಂಡ್ ಬ್ಲೂಮ್ ಅನ್ನುವ ಜರ್ಮನ್ ವೈದ್ಯರು ಅದು ಕ್ರಿಮಿ ಕೊಲ್ಲುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದಾಗ ತಮ್ಮ ಬೆರಳ ಚರ್ಮ ಗಟ್ಟಿಯಾದದ್ದನ್ನು ಗಮನಿಸಿದರು. 1893ರಲ್ಲಿ ಅದನ್ನು ಬರೆದು ಪ್ರಕಟಿಸಿದ ಮೇಲೆ ಪ್ರಪಂಚದ ಮ್ಯೂಸಿಯಮ್ಮುಗಳೆಲ್ಲ ಫಾರ್ಮಲಿನ್ ಹಿಡಿದವು. ಮಾಂಸದ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿಗೆ ಹಾಕಿದ ಹಾಗೆ ಬಿಗಿದುಬಿಡುತ್ತದೆ, ಆಮೇಲೆ ಕೊಳೆಯುವ ಮಾತೇ ಇಲ್ಲ. ನಮ್ಮ ಅಣ್ಣನಿಗೆ ಬ್ಲೂಮ್ ಹೆಸರು ಗೊತ್ತಿರಲಿಲ್ಲ. ‘ಈ ಕೈಗೆ ಸಾವಿಲ್ಲ ಕಣಮ್ಮಾ’ ಅಂತ ನಗುತ್ತಿದ್ದರು.

ಈಗ ನನ್ನ ಪಾಪದ ಕಥೆ.

ವಿಭಾಗಕ್ಕೆ ತಪಾಸಣೆಯವರು ಬರುತ್ತಾರೆ ಅಂತ ಸುದ್ದಿ. ಗೋಡೆಗೆ ಸುಣ್ಣ, ಮೆಟ್ಟಿಲಿಗೆ ಹೂಕುಂಡ, ಎಲ್ಲ ಕಡೆ ಓಡಾಟ. ಹಾವು, ಹಲ್ಲಿಗಳ ಬೀರುವಿನಲ್ಲಿ ನಲವತ್ತೆರಡು ಜಾಡಿಗಳಿದ್ದವು, ಬಹುಪಾಲು ಹಾವುಗಳೇ. ಹೊರಗೆ ಗೋಂದಿನಲ್ಲಿ ಅಂಟಿಸಿದ್ದ ಹಳೇ ಲೇಬಲ್ಲುಗಳು ಕಂದು ಬಣ್ಣಕ್ಕೆ ತಿರುಗಿ, ಅಂಚು ಹುಳ ತಿಂದು, ಕೆಲವು ಉಗುರು ತಾಗಿಸಿದರೆ ಉದುರುವ ಹಾಗಿದ್ದವು. ನನ್ನ ಅಕ್ಷರ ದುಂಡಗಿತ್ತು. ‘ಎಲ್ಲಕ್ಕೂ ಹೊಸ ಲೇಬಲ್ ಬರೆದು ಜಾಡಿಯ ಒಳಗೇ ಹಾಕಿಬಿಡು, ಹೊರಗೆ ಅಂಟಿಸಿದರೆ ಮತ್ತೆ ಇದೇ ಗತಿ’ ಎಂದರು ನಮ್ಮ ಮೇಷ್ಟ್ರು. ಮಾತು ಸರಿಯಾದದ್ದೇ. ಒಳಗೆ ಲೇಬಲ್ ಹಾಕುವುದೇ ಎಲ್ಲ ಕಡೆಯ ಪದ್ಧತಿ. ಅಣ್ಣ ಆ ವಾರ ರಜೆಯಲ್ಲಿದ್ದರು.

ನಾಲ್ಕು ದಿನ ಕೂತು ಬರೆದೆ. ವೈಜ್ಞಾನಿಕ ಹೆಸರು, ಕನ್ನಡ ಹೆಸರು, ಸಿಕ್ಕ ಜಾಗ, ತಾರೀಕು, ತಂದವರು. ಒಂದನ್ನೂ ಬಿಡದೆ ಹಳೆಯದರಿಂದ ನಕಲು ಮಾಡಿದೆ. ಹಳೇ ಚೀಟಿಗಳನ್ನು ನೀರು ಹಾಕಿ ಕೆರೆದು ತೆಗೆದು ಬುಟ್ಟಿಗೆ ಹಾಕಿದೆ. ಬುಟ್ಟಿ ಸಂಜೆ ಹೊರಗೆ ಹೋಗಿ ಎಲೆಗಳ ಜೊತೆ ಬೆಂಕಿಗೆ ಬಿತ್ತು. ಜಾಡಿಗಳು ಫಳಫಳ. ಒಳಗೆ ಹಾವಿನ ಪಕ್ಕ ನನ್ನ ಮುತ್ತಿನಂಥ ಅಕ್ಷರ. ತಪಾಸಣೆಯವರು ಬಂದರು, ಮೆಚ್ಚಿದರು, ಹೋದರು.

ನಾನು ಬರೆದದ್ದು ಜೆಲ್ ಪೆನ್ನಿನಲ್ಲಿ.

ಅವರು ಹೋದ ಮೂರನೇ ದಿನಕ್ಕೆ ಸ್ಪಿರಿಟ್ ತಿಳಿನೀಲಿಯಾಯಿತು. ಒಂದು ವಾರಕ್ಕೆ ಕಾಗದ ಬೋಳು. ಬೀರುವಿನ ಬಾಗಿಲು ತೆಗೆದು ನಿಂತರೆ ನಲವತ್ತೆರಡು ಜಾಡಿಗಳಲ್ಲಿ ನಲವತ್ತೆರಡು ಬಿಳಿ ಚೀಟಿ, ಬಟ್ಟೆಗೆ ನೀಲಿ ಹಾಕಿದ ನೀರಿನಂಥ ನೀರು. ಕೈಕಾಲು ತಣ್ಣಗಾಯಿತು ಎನ್ನುತ್ತಾರಲ್ಲ, ನಿಜವಾಗಿ ಆಗುತ್ತದೆ ಅದು. ಸ್ಪಿರಿಟ್ಟಿನಲ್ಲಿ ಕರಗದೆ ಉಳಿಯುವುದು ಪೆನ್ಸಿಲ್ಲಿನ ಗೆರೆ ಮತ್ತು ಇಂಡಿಯನ್ ಇಂಕು ಎನ್ನುವುದು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ತಿಳಿದಿರಬೇಕಾದ ಸಂಗತಿ. ನನಗೆ ತಿಳಿದಿರಲಿಲ್ಲ. ಬೀರುವಿನ ಮೊಳೆಗೆ ಅಣ್ಣ ದಾರ ಕಟ್ಟಿ ಒಂದು ಪೆನ್ಸಿಲ್ ತೂಗುಹಾಕಿದ್ದರು. ನಾಲ್ಕು ದಿನವೂ ಅದು ನನ್ನ ಭುಜಕ್ಕೆ ತಾಗುತ್ತಲೇ ಇತ್ತು.

ರಜೆ ಮುಗಿಸಿ ಬಂದ ಅಣ್ಣ ಬಯ್ಯಲಿಲ್ಲ. ಒಂದೊಂದೇ ಜಾಡಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, ‘ಎಲ್ಲಾನೂ ಅನಾಥ ಮಾಡ್ಬಿಟ್ಯಲ್ಲ ತಾಯಿ’ ಎಂದರು. ಅಷ್ಟೇ.

ಹೆಸರನ್ನೇನೋ ವಾಪಸ್ ಹುಡುಕಬಹುದು. ಹಾವಿನ ಹೆಸರು ಅದರ ಮೈಮೇಲೇ ಇರುತ್ತದೆ, ಬಣ್ಣದಲ್ಲಲ್ಲ, ಹುರುಪೆಗಳಲ್ಲಿ. ಸ್ಪಿರಿಟ್ಟಿನಲ್ಲಿ ವರ್ಷಗಟ್ಟಲೆ ಇದ್ದದ್ದಕ್ಕೆ ಬಣ್ಣ ಹೋಗಿ ಎಲ್ಲವೂ ಒಂದೇ ಥರ ಮಾಸಲು ಬೂದಿ. ಒಂದು ಟ್ರೇ, ಒಂದು ಸೂಜಿ, ಒಂದು ಭೂತಗನ್ನಡಿ. ಮೈಯ ನಡುಭಾಗದಲ್ಲಿ ಬೆನ್ನ ಹುರುಪೆಗಳ ಸಾಲು ಎಷ್ಟು, ಹೊಟ್ಟೆಯ ಅಗಲ ಹುರುಪೆ ಎಷ್ಟು, ಬಾಲದಡಿಯವು ಜೋಡಿಯೋ ಒಂಟಿಯೋ, ಹೀಗೆ ಎಣಿಸುತ್ತ ಕೂತೆ. ಎರಡು ಜಾಡಿಗಳು ನನಗೆ ಈಗಲೂ ನೆನಪಿವೆ. ಎರಡರಲ್ಲೂ ಹೆಬ್ಬೆರಳು ದಪ್ಪದ ಹಾವು, ಎರಡರಲ್ಲೂ ಮಾಸಿಹೋದ ಅಡ್ಡಪಟ್ಟೆ. ಸೂಜಿಯ ತುದಿಯಿಂದ ಬೆನ್ನಿನ ನಟ್ಟನಡುವಿನ ಸಾಲನ್ನು ಸವರಿದೆ. ಒಂದರಲ್ಲಿ ಆ ಸಾಲಿನ ಹುರುಪೆಗಳು ಮಿಕ್ಕವಕ್ಕಿಂತ ದೊಡ್ಡವು, ಆರು ಮೂಲೆಯವು, ಜೇನಿನ ಹಟ್ಟಿಯ ಕಣ್ಣುಗಳನ್ನು ಸಾಲಾಗಿ ಜೋಡಿಸಿದಂತೆ. ಅದು ಕಟ್ಟುಹಾವು, ಕಚ್ಚಿದರೆ ಮನುಷ್ಯ ಉಳಿಯುವುದು ಕಷ್ಟ. ಇನ್ನೊಂದರಲ್ಲಿ ಎಲ್ಲ ಹುರುಪೆಗಳೂ ಒಂದೇ ಅಳತೆ. ಅದು ತೋಳಹಾವು, ವಿಷವಿಲ್ಲದ್ದು. ಬದುಕಿದ್ದಾಗ ಕಟ್ಟುಹಾವಿನ ವೇಷದಲ್ಲಿ ಜನರನ್ನು ಹೆದರಿಸುತ್ತದೆ, ಜನ ಅದನ್ನೇ ಹೊಡೆದು ಕೊಲ್ಲುತ್ತಾರೆ.

ಎರಡು ತಿಂಗಳು ಹಿಡಿಯಿತು. ನಲವತ್ತೆರಡರಲ್ಲಿ ಮೂವತ್ತೊಂಬತ್ತಕ್ಕೆ ಹೆಸರು ಸಿಕ್ಕಿತು. ಊರು ಮತ್ತು ತಾರೀಕು ಮಾತ್ರ ಎಣಿಸಿ ಸಿಗುವಂಥದ್ದಲ್ಲ. ಒಂಬತ್ತು ಜಾಡಿಗಳಿಗೆ ಅಣ್ಣ ನೆನಪಿನಿಂದ ಹೇಳಿದರು, ‘ಇದು ನಾನೇ ತಂದಿದ್ದು, ಹಾಸ್ಟೆಲ್ ಹಿಂದೆ ಬಾವಿ ತೋಡೋವಾಗ’ ಎಂಬಂತೆ. ಮಿಕ್ಕ ಮೂವತ್ತಮೂರಕ್ಕೆ ನಾನೇ, ಪೆನ್ಸಿಲ್ಲಿನಲ್ಲೇ, ‘ಸ್ಥಳ: ತಿಳಿದಿಲ್ಲ. ದಿನಾಂಕ: ತಿಳಿದಿಲ್ಲ’ ಎಂದು ಬರೆದೆ. ಒಂದೇ ಸಾಲು ಮೂವತ್ತಮೂರು ಸಲ. ಇಂಪೊಸಿಷನ್ ಅಂದರೆ ಇದು.

ಊರು, ತಾರೀಕು ಹೋದರೆ ಏನು ಹೋಯಿತು, ಹಾವಂತೂ ಇದೆಯಲ್ಲ ಅಂತ ಆಗ ನನ್ನ ರೂಮ್‌ಮೇಟ್ ಸಮಾಧಾನ ಮಾಡಿದ್ದಳು. ಆಗ ನನ್ನ ಬಳಿ ಉತ್ತರ ಇರಲಿಲ್ಲ. ಈಗಾದರೆ ಅವಳಿಗೆ ಮೊಟ್ಟೆಯ ಕಥೆ ಹೇಳುತ್ತಿದ್ದೆ. ಬ್ರಿಟನ್ನಿನಲ್ಲಿ ಹಿಂದೆ ಹಕ್ಕಿಯ ಮೊಟ್ಟೆ ಕದ್ದು, ತೂತು ಮಾಡಿ ಊದಿ ಖಾಲಿ ಮಾಡಿ, ಪೆಟ್ಟಿಗೆಯಲ್ಲಿ ಜೋಡಿಸಿಡುವ ಹುಚ್ಚು ದೊಡ್ಡದಾಗಿತ್ತು. ಒಳ್ಳೆಯ ಚಟವೇನಲ್ಲ. ಆದರೆ ಆ ಜನ ಒಂದು ಕೆಲಸ ಕಟ್ಟುನಿಟ್ಟಾಗಿ ಮಾಡಿದ್ದರು, ಎಲ್ಲಿ, ಯಾವಾಗ ಎಂದು ಬರೆದಿಟ್ಟಿದ್ದರು. 1950ರ ಆಸುಪಾಸಿಗೆ ಪೆರಿಗ್ರಿನ್ ಡೇಗೆಗಳ ಗೂಡಿನಲ್ಲಿ ಮೊಟ್ಟೆಗಳು ಕಾವು ಕೂತಾಗಲೇ ಒಡೆಯತೊಡಗಿದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಆ ಹಳೇ ಸಂಗ್ರಹದ ಚಿಪ್ಪುಗಳನ್ನು ತೂಗಿ, ಅಳೆದು, ವರ್ಷದ ಪ್ರಕಾರ ಜೋಡಿಸಿದರು. 1940ರ ದಶಕದ ನಡುವಿನ ತನಕ ಚಿಪ್ಪು ದಪ್ಪ. ಡಿಡಿಟಿ ಕೀಟನಾಶಕ ಬಳಕೆಗೆ ಬಂದ ಹೊತ್ತಿಗೆ ಸರಿಯಾಗಿ ತೆಳು. 1967ರಲ್ಲಿ ಪ್ರಕಟಿಸಿದರು. ಆ ಪೆಟ್ಟಿಗೆಗಳಿಗೆ ಯಾರಾದರೂ ನನ್ನಂಥವಳು ಜೆಲ್ ಪೆನ್ನಿನಲ್ಲಿ ಲೇಬಲ್ ಬರೆದಿದ್ದರೆ ಅವು ಬರೀ ಚಂದದ ಚಿಪ್ಪುಗಳು.

ಈಗ ಗ್ರಾಂಟ್ ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಪ್ರಾಣಿ ನೋಡಿದರೆ ನಾನು ಮೊದಲು ಲೇಬಲ್ ನೋಡುವುದು ಯಾಕೆ ಅಂತ ಅರ್ಥವಾಗಿರಬೇಕು. ಮತ್ತು ಅಲ್ಲಿಯ ಜೀಬ್ರಾಗಳ ಕಥೆ ಓದಿದ ದಿನ ನನಗೆ ಯಾಕೆ ಅಷ್ಟು ಹಿತವಾಯಿತು ಅಂತಲೂ.

ಅವರ ಬಳಿ ಜೀಬ್ರಾ ಎಂದು ಲೇಬಲ್ ಇದ್ದ ಎರಡು ಅಸ್ಥಿಪಂಜರಗಳಿದ್ದವು. ಎಷ್ಟೋ ವರ್ಷ ವಿದ್ಯಾರ್ಥಿಗಳು ಅವನ್ನೇ ನೋಡಿ ಕಲಿತರು. ಪಟ್ಟೆ ಇರುವುದು ಚರ್ಮದ ಮೇಲೆ, ಮೂಳೆಗೆ ಪಟ್ಟೆ ಇಲ್ಲ. ಚರ್ಮ ತೆಗೆದ ಮೇಲೆ ಕುದುರೆಯ ಕುಲದವೆಲ್ಲ ಅಣ್ಣತಮ್ಮಂದಿರೇ. 1972ರಲ್ಲಿ ಗೊತ್ತಿದ್ದವರು ಕೂತು ಸರಿಯಾಗಿ ನೋಡಿದರೆ ಎರಡರಲ್ಲಿ ಒಂದೂ ಮಾಮೂಲಿ ಜೀಬ್ರಾ ಅಲ್ಲ. ಒಂದು ಕತ್ತೆ.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ನಾವು ಆಡಿಕೊಳ್ಳುತ್ತೇವೆ. ಪ್ರೊಫೆಸರುಗಳ ಮಧ್ಯೆ ಅಷ್ಟು ವರ್ಷ ಜೀಬ್ರಾ ಎನಿಸಿಕೊಂಡು ನಿಂತ ಆ ಕತ್ತೆಯ ಮೇಲೆ ನನಗೆ ವಿಪರೀತ ಗೌರವ.

ಇನ್ನೊಂದು ಕ್ವಾಗ. ದಕ್ಷಿಣ ಆಫ್ರಿಕಾದ ಬಯಲುಗಳಲ್ಲಿದ್ದ ಪ್ರಾಣಿ. ಕುತ್ತಿಗೆ, ಎದೆಯ ಮೇಲೆ ಮಾತ್ರ ಪಟ್ಟೆ, ಹಿಂದಕ್ಕೆ ಹೋದಂತೆ ಪಟ್ಟೆ ಅಳಿಸಿ ಬರೀ ಕಂದು. ಯಾರೋ ಬಣ್ಣ ಬಳಿಯುತ್ತಿದ್ದವರು ಅರ್ಧಕ್ಕೆ ಎದ್ದುಹೋದ ಹಾಗೆ. ಬೇಟೆಯಾಡಿ ಬೇಟೆಯಾಡಿ ಮುಗಿಸಿದರು. ಕೊನೆಯದು 1883ರ ಆಗಸ್ಟ್ 12ರಂದು ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು, ಅದೇ ಕೊನೆಯದು ಎನ್ನುವುದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಉಳಿದಿರುವ ಕ್ವಾಗ ಅಸ್ಥಿಪಂಜರ ಏಳೇ ಏಳು ಎನ್ನುತ್ತದೆ ಮ್ಯೂಸಿಯಂ. ಅದರಲ್ಲಿ ಒಂದು ಇಲ್ಲಿ ಹೆಸರು ಮರೆಸಿಕೊಂಡು ಕತ್ತೆಯ ಜೊತೆ ನಿಂತಿತ್ತು.

1972ನೇ ಇಸವಿಯಲ್ಲಿ ಏನೋ ಇದೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಅದೇ ವರ್ಷ, ಅಮೆರಿಕ ಡಿಡಿಟಿ ನಿಷೇಧಿಸಿದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲ, ಸುಮ್ಮನೆ ಹೇಳಿದೆ. ಆ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಜಾಡಿಗೆ ಹಾಕುವುದು ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ. ನಾನು ಹಾಳುಮಾಡಿದ ಜಾಡಿಗಳಿಗೆ ಬದಲಿ ತರೋಣ ಎನ್ನುವ ಹಾಗೂ ಇರಲಿಲ್ಲ.

ಕ್ವಾಗವನ್ನು ಹತ್ತಿರದಿಂದ ನೋಡಿದರೆ ಒಂದು ಹಿಂಗಾಲು ಅದರದ್ದಲ್ಲ. ಯಾವಾಗಲೋ ಕಳೆದುಹೋಗಿತ್ತು. ಕೆಲವು ವರ್ಷಗಳ ಹಿಂದೆ ಇನ್ನೊಂದು ಹಿಂಗಾಲನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಾಣುವಂತೆ ಕಂಪ್ಯೂಟರಿನಲ್ಲಿ ತಿರುವಿ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆದು ಜೋಡಿಸಿದರು. ಮೂಳೆ ಜೋಡಿಸುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು. ಅಣ್ಣ ಒಂದು ಕೇರೆಹಾವಿನ ಬೆನ್ನುಮೂಳೆಗಳನ್ನು ತಂತಿಗೆ ಪೋಣಿಸುವುದನ್ನು ನೋಡಿದ್ದೆ. ಹಾವಿಗೆ ಬೆನ್ನುಮೂಳೆ ಇನ್ನೂರರ ಮೇಲೇ. ಒಂದರ ಹಿಂದೆ ಒಂದು ಸರಿಯಾದ ಕ್ರಮದಲ್ಲಿ ಬರಬೇಕು. ಕ್ರಮ ತಪ್ಪಿದರೆ ಪೋಣಿಸುವಾಗ ಕೈಗೇ ತಿಳಿಯುತ್ತದೆ ಅನ್ನುತ್ತಿದ್ದರು, ಮೂಳೆ ಮೂಳೆಗೆ ಕೂರುವುದಿಲ್ಲ. ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ.

2011ರಲ್ಲಿ ಈ ಹಾಲಿಗೆ ಸಾಗಿಸಲು ಸಾಮಾನು ಕಟ್ಟುವಾಗ ಇನ್ನೊಂದು ತಮಾಷೆ ನಡೆಯಿತಂತೆ. ಮೊಸಳೆಯ ಪಳೆಯುಳಿಕೆ ಮೂಳೆಗಳಿದ್ದ ಡ್ರಾಯರಿನಲ್ಲಿ ಡೋಡೋ ಹಕ್ಕಿಯ ಮೂಳೆಗಳು ಸಿಕ್ಕಿದವು. ಮಾರಿಷಸ್ಸಿನಲ್ಲಿ ಹದಿನೇಳನೇ ಶತಮಾನದಲ್ಲೇ ಮುಗಿದುಹೋದ ಹಕ್ಕಿ, ಮೊಸಳೆಗಳ ಜೊತೆ ಮಲಗಿತ್ತು. ಮನೆ ಖಾಲಿ ಮಾಡುವಾಗ ಕಳೆದುಹೋದ ಒಡವೆ ಸಿಗುವುದಿದೆ. ಇದು ಸ್ವಲ್ಪ ಹೆಚ್ಚೇ ಆಯಿತು.

ಟಾಸ್ಮೇನಿಯನ್ ತೋಳದ್ದೂ ಇದೆ ಇಲ್ಲಿ. 1936ರ ಸೆಪ್ಟೆಂಬರ್ 7ರಂದು ಹೋಬಾರ್ಟಿನ ಮೃಗಾಲಯದಲ್ಲಿ ಸತ್ತದ್ದೇ ಗೊತ್ತಿರುವ ಕೊನೆಯದು. ಹೆಸರಿಗೆ ತೋಳ, ಜಾತಿಯಲ್ಲಿ ಕಾಂಗರೂವಿನ ನೆಂಟ. ತಲೆಬುರುಡೆ ನಾಯಿಯದ್ದರ ಪಡಿಯಚ್ಚು. ನಮಗೆ ಪರೀಕ್ಷೆಗೆ ಚಿತ್ರದಲ್ಲಿ ಮಾತ್ರ ಇತ್ತು: ಬುರುಡೆಯನ್ನು ಮಗುಚಿ ಅಂಗುಳ ನೋಡಿ, ಎರಡು ದೊಡ್ಡ ಕಿಂಡಿ ಇದ್ದರೆ ನಾಯಿಯಲ್ಲ. ಬಾಯಿಪಾಠ ಮಾಡಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಇಲ್ಲಿ ಗಾಜಿನ ಮುಂದೆ ಮೊಣಕಾಲೂರಿ, ಕತ್ತು ತಿರುಚಿ, ಆ ಕಿಂಡಿ ಕಾಣುತ್ತದೇನೋ ಅಂತ ಇಣುಕುತ್ತಿದ್ದಾಗ ಒಬ್ಬ ಪುಟ್ಟ ಹುಡುಗನೂ ಪಕ್ಕದಲ್ಲಿ ಬಂದು ಮೊಣಕಾಲೂರಿ ಇಣುಕಿದ. ಏನು ನೋಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ, ಆದರೂ ಪೂರ್ತಿ ಇಣುಕಿದ.

ಬ್ಲಾಶ್ಕಾ ಅಪ್ಪಮಗ ಗಾಜಿನಲ್ಲಿ ಮಾಡಿದ ಸಮುದ್ರಜೀವಿಗಳನ್ನು ಬಿಟ್ಟರೆ ತಪ್ಪಾಗುತ್ತದೆ. ಅಂಬಲಿ ಮೀನಿನಂಥ (ಜೆಲ್ಲಿಫಿಶ್) ಮೆತ್ತನೆಯ ಜೀವಗಳನ್ನು ಸ್ಪಿರಿಟ್ಟಿಗೆ ಹಾಕಿದರೆ ಬಣ್ಣವೂ ಹೋಗಿ ಆಕಾರವೂ ಹೋಗಿ ಮುದ್ದೆಯಾಗುತ್ತವೆ, ಅದಕ್ಕೇ ಜರ್ಮನಿಯಲ್ಲಿ ಕೂತು ಗಾಜಿನಲ್ಲಿ ಊದಿ ಮಾಡಿದರು. ಎರಡು ಸಾವಿರಕ್ಕೂ ಹೆಚ್ಚು ಮೈಕ್ರೋಸ್ಕೋಪ್ ಸ್ಲೈಡುಗಳನ್ನು ಗೋಡೆ ತುಂಬ ಜೋಡಿಸಿ ಹಿಂದಿನಿಂದ ಬೆಳಕು ಬಿಟ್ಟ ಒಂದು ಗೂಡಿನಂಥ ಕೋಣೆಯೂ ಇದೆ, ಮೈಕ್ರೇರಿಯಂ ಅನ್ನುತ್ತಾರೆ. ಬಂದವರೆಲ್ಲ ಅಲ್ಲಿ ಸೆಲ್ಫಿ ತೆಗೆಯುತ್ತಾರೆ. ಚೆನ್ನಾಗಿದೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಸ್ಲೈಡ್ ಅಂದರೆ ನನಗೆ ಪ್ರಾಕ್ಟಿಕಲ್ ಪರೀಕ್ಷೆಯ ಗಂಟೆ ಕೇಳಿಸುತ್ತದೆ.

ನನ್ನ ಸಮಯವೆಲ್ಲ ಹೋಗುವುದು ಮೋಲ್‌ಗಳ ಜಾಡಿಯ ಮುಂದೆ.

ಮೋಲ್ ನಮ್ಮಲ್ಲಿ ಕಾಣಸಿಗದ ಪ್ರಾಣಿ. ಹೆಗ್ಗಣದ ಗಾತ್ರಕ್ಕಿಂತ ಸಣ್ಣದು, ಮೈಮೇಲೆ ಮಖಮಲ್ಲಿನಂಥ ಕೂದಲು, ಹಗಲಿರುಳು ನೆಲದೊಳಗೆ ಸುರಂಗ ತೋಡುವ ಕೆಲಸ. ಇಲ್ಲಿ ಅಗಲ ಬಾಯಿಯ ಒಂದು ಗಾಜಿನ ಜಾಡಿಯಲ್ಲಿ ಹದಿನೆಂಟು ಮೋಲ್‌ಗಳನ್ನು ಉಪ್ಪಿನಕಾಯಿ ತುಂಬಿದ ಹಾಗೆ ಒತ್ತಿ ತುಂಬಿದ್ದಾರೆ. ಮೂತಿಗಳು ಗಾಜಿಗೆ ಒತ್ತಿಕೊಂಡಿವೆ, ಅಂಗೈಗಳೂ. ಆ ಅಂಗೈಗಳನ್ನು ಎಷ್ಟು ನೋಡಿದರೂ ಸಾಲದು. ಮೈಗೆ ಹೋಲಿಸಿದರೆ ವಿಪರೀತ ದೊಡ್ಡವು, ಹಾರೆಯಂತೆ ಚಪ್ಪಟೆ, ಹೊರಮುಖವಾಗಿ ತಿರುಗಿವೆ. ಐದು ಬೆರಳಿನ ಪಕ್ಕದಲ್ಲಿ ಕುಡುಗೋಲಿನ ಆಕಾರದ ಇನ್ನೊಂದು ಮೂಳೆ ಸೇರಿಕೊಂಡು ಆರನೇ ಬೆರಳಿನ ಹಾಗೆ ಅಂಗೈಯನ್ನು ಅಗಲ ಮಾಡುತ್ತದೆ, ಮಣ್ಣು ಹೆಚ್ಚು ಹಿಡಿಯಲಿ ಅಂತ. ಗಾಜಿನ ಆಚೆಗಿರುವ ಆ ಗುಲಾಬಿ ಅಂಗೈಗಳು ನೋಡಿದವರಿಗೆಲ್ಲ ‘ಬಾಗಿಲು ತೆಗೀರಪ್ಪ’ ಎಂದ ಹಾಗೆ ಕಾಣುತ್ತವೆ. ಈ ಮ್ಯೂಸಿಯಮ್ಮಿನಲ್ಲಿ ಕ್ವಾಗಕ್ಕಿಂತ ಹೆಸರುವಾಸಿ ಈ ಜಾಡಿ. ಹದಿನೆಂಟನ್ನು ಒಂದೇ ಜಾಡಿಗೆ ಯಾಕೆ ತುರುಕಿದರು ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ.

ನನ್ನ ಊಹೆ ನನಗಿದೆ. ಬಿ.ಎಸ್‌ಸಿ.ಯಲ್ಲಿ ನಮ್ಮ ಪ್ರಾಕ್ಟಿಕಲ್ಲಿಗೆ ಕಪ್ಪೆಗಳು ಬಕೆಟ್ಟಿನಲ್ಲಿ ಬರುತ್ತಿದ್ದವು. ಮೇಜಿಗೊಂದು. ಬಾರದವರ ಪಾಲಿನದು ಉಳಿದರೆ ಅಣ್ಣನಂಥವರು ಅದನ್ನೆಲ್ಲ ಒಂದೇ ಜಾಡಿಗೆ ಹಾಕಿ ಫಾರ್ಮಲಿನ್ ಸುರಿದು, ಮುಂದಿನ ವರ್ಷಕ್ಕಾಯಿತು ಅಂತ ಅಟ್ಟದ ಮೇಲಿಡುತ್ತಿದ್ದರು. (ಆಮೇಲೆ ಯುಜಿಸಿಯೇ ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಲು ಹೇಳಿತು, ಒಳ್ಳೆಯದೇ ಆಯಿತು.) ಈ ಹದಿನೆಂಟೂ ಯಾವುದೋ ತರಗತಿಗೆ ತಂದು, ಉಳಿದು, ಮುಂದಿನ ವರ್ಷಕ್ಕೆ ಅಂತ ಇಟ್ಟವು. ಆ ಮುಂದಿನ ವರ್ಷ ಬರಲಿಲ್ಲ. ಇದಕ್ಕೆ ನನ್ನ ಬಳಿ ಪುರಾವೆ ಇಲ್ಲ, ಪುರಾವೆ ಇರಬೇಕಾಗಿದ್ದ ಲೇಬಲ್ ಬಗ್ಗೆ ಮಾತಾಡುವ ಯೋಗ್ಯತೆಯೂ ನನಗಿಲ್ಲ.

ಇನ್ನೊಂದು ಪದ್ಧತಿ ಇದೆ ಇಲ್ಲಿ. ದುಡ್ಡು ಕೊಟ್ಟು ಯಾವುದಾದರೂ ಒಂದು ಮಾದರಿಯನ್ನು ದತ್ತು ತಗೊಳ್ಳಬಹುದು. ಪಕ್ಕದಲ್ಲಿ ಪುಟ್ಟ ಚೀಟಿಯಲ್ಲಿ ನಿಮ್ಮ ಹೆಸರು ಹಾಕುತ್ತಾರೆ. ಯಾರೋ ಹೆಂಡತಿಯ ಹುಟ್ಟುಹಬ್ಬಕ್ಕೆ ಯಾವುದೋ ಮೂಳೆಯನ್ನು ದತ್ತು ಕೊಡಿಸಿರುತ್ತಾರೆ. ಹೋದ ತಿಂಗಳು ಆ ಚೀಟಿಗಳನ್ನು ಓದುತ್ತ ನಿಂತಾಗ ಅಣ್ಣನ ‘ಅನಾಥ’ ನೆನಪಾಯಿತು. ಅವರು ರಿಟೈರ್ ಆಗಿ ಊರಲ್ಲಿದ್ದಾರೆ. ಮಗ ಕೊಡಿಸಿದ ಫೋನಿನಲ್ಲಿ ದಿನಾ ಬೆಳಿಗ್ಗೆ ದೇವರ ಫೋಟೋ ಕಳಿಸುತ್ತಾರೆ. ಮೋಲ್ ಜಾಡಿಯ ನಾಲ್ಕು ಫೋಟೋ ತೆಗೆದು ಅವರಿಗೆ ಕಳಿಸಿದೆ. ಇದು ಇಂಥ ಪ್ರಾಣಿ, ಇಂಥ ಊರು, ಯಾಕೆ ತುಂಬಿದ್ದಾರೋ ಯಾರಿಗೂ ಗೊತ್ತಿಲ್ಲ ಅಂತ ಉದ್ದಕ್ಕೆ ಬರೆದೆ. ಕ್ವಾಗ, ಕತ್ತೆ ಎಲ್ಲ ಹೇಳಿದೆ. ಕೊನೆಗೆ, ಹನ್ನೆರಡು ವರ್ಷ ತಡವಾಗಿ, ಆ ನಲವತ್ತೆರಡು ಜಾಡಿಗಳಿಗೆ ಸಾರಿ ಅಂತಲೂ ಬರೆದೆ.

ಸಂಜೆ ಮನೆಗೆ ಹೋಗುವ ಟ್ರೇನಿನಲ್ಲಿ ಅವರ ವಾಯ್ಸ್ ಮೆಸೇಜು ಬಂತು. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಸಾರಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಕತ್ತೆಯ ಸುದ್ದಿಯೂ ಇಲ್ಲ.

‘ತಾಯೀ, ಜಾಡಿ ಚೆನ್ನಾಗೈತೆ. ಮುಚ್ಚಳಕ್ಕೆ ಏನ್ ಹಚ್ಚವ್ರೆ ಅಂತ ಕೇಳ್ಕೊಂಡ್ ಬಾ. ನಾವು ಹಚ್ತಿದ್ ವ್ಯಾಸಲೀನು ಬೇಸ್ಗೇಲಿ ಕರಗಿ, ಸ್ಪಿರಿಟ್ಟೆಲ್ಲ ಆರಿಹೋಗ್ತಿತ್ತು.’

ಶುಕ್ರವಾರ ಹೋಗಿ ಕೇಳಬೇಕು.